ಭಯಾನಕರಸವೂ ಹಳೆಯ ಅಪರಾಧಚಿತ್ರಗಳೂ

ಅಪರಾಧಿ ಯಾರೆಂಬುದು ತಿಳಿದ ಮೇಲೂ ಹಳೆಯ ಅಪರಾಧಚಿತ್ರಗಳನ್ನು ಜನರು ಮರಳಿ ಮರಳಿ ನೋಡುವುದುಂಟು. ಕುತೂಹಲವೊಂದೇ ಅವುಗಳ ಜೀವವಾಗಿದ್ದರೆ ಅದು ಮೊದಲ ನೋಟಕ್ಕೇ ತೀರಬೇಕಾಗಿತ್ತು. ಆದುದರಿಂದ ಈ ಆಕರ್ಷಣೆಗೆ ಬೇರೆ ಕಾರಣವನ್ನು ಹುಡುಕುವುದು ಅವಶ್ಯ.

ಅಭಿನವಗುಪ್ತನು ಭಯಾನಕವನ್ನು ವಿವರಿಸುವಾಗ ಶಾಕುಂತಲದಲ್ಲಿ ರಥಕ್ಕೆ ಬೆದರಿ ಓಡುವ ಜಿಂಕೆಯನ್ನು ಎತ್ತಿಕೊಳ್ಳುತ್ತಾನೆ. ಆ ಭಯವು ಇಂತಹವರದು, ಇಂತಹ ದೇಶಕಾಲದ್ದು ಎಂಬ ಕಟ್ಟು ಕಳಚಿದಾಗಲೇ ಅದು ರಸವಾಗುವುದು. ತನ್ನ ಅಥವಾ ಪರರ ದೇಶಕಾಲದಲ್ಲಿ ಮನಸ್ಸು ಸಿಕ್ಕಿಬೀಳುವುದು ರಸವಿಘ್ನಗಳಲ್ಲೊಂದು. ಅದಕ್ಕೆ ಪರಿಹಾರವಾಗಿ ಅವನು ಹೇಳುವುದು ಪೂರ್ವರಂಗ, ಮುಕುಟ ಮೊದಲಾದ ನಾಟ್ಯಸಾಮಗ್ರಿಯನ್ನು. ಯಕ್ಷಗಾನದ ಕಿರೀಟವನ್ನು ಕಂಡು ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1968ರ ‘ಜೇಡರ ಬಲೆ’ಯಲ್ಲಿ ಗೂಢಚಾರನಾದ ರಾಜಕುಮಾರರ ವೇಷವೂ ಹಾಡುಗಳೂ ಈ ಕೆಲಸವನ್ನು ಮಾಡುತ್ತವೆ. ಸುನೀಲ್‌ಕುಮಾರ್ ದೇಸಾಯಿಯವರಾದರೋ 1989ರ ‘ತರ್ಕ’ದಲ್ಲಿ ಹಾಡನ್ನೇ ಬಿಟ್ಟರು, 1993ರ ‘ನಿಷ್ಕರ್ಷ’ದ ಕಥೆಯನ್ನು ಎಲ್ಲರಿಗೂ ತಿಳಿದ ಮಣಿಪಾಲದಲ್ಲಿಯೇ ನಿಲ್ಲಿಸಿದರು. ದರೋಡೆಕೋರರು ಅಲ್ಲಿಯ ಬ್ಯಾಂಕೊಂದನ್ನು ವಶಪಡಿಸಿಕೊಂಡು ಒಳಗಿದ್ದವರನ್ನು ಒತ್ತೆಯಿಡುವರು. ಶಾಂಭವಿ ನದಿಯ ಬಡಗಣ ಮಗ್ಗುಲಿನ ಹೆಜಮಾಡಿಯ ಪ್ರೇಕ್ಷಕನಿಗೆ ಇದು ಪರದೇಶದ ವೃತ್ತಾಂತವಲ್ಲ. ಬ್ಯಾಂಕೆಂಬುದೂ ಈ ನಾಡಿನಲ್ಲಿ ಬರಿಯ ಕಟ್ಟಡವಲ್ಲ. 1906ರಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದವು; 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. ಅದರ 1928ರ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ಹೀಗೆ ಕೂಡಿಟ್ಟವರ ಮಕ್ಕಳಿಗೆ, ಬ್ಯಾಂಕಿನ ಬಾಗಿಲನ್ನು ಕಳ್ಳರು ಒಳಗಿನಿಂದ ಮುಚ್ಚುವ ದೃಶ್ಯವು ಸ್ವಂತ ಪೆಟ್ಟಿಗೆಗೆ ಕೈಯಿಟ್ಟಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಶಾಸ್ತ್ರದ ದೃಷ್ಟಿಯಿಂದ ಅದು ವಿಘ್ನವೇ ಸರಿ.

ಆ ವಿಘ್ನವನ್ನು ಕಾಲವು ಕಳೆದಿದೆಯೆಂದು ನನ್ನ ಅಭಿಪ್ರಾಯ. ಭಾರತದಲ್ಲಿ ಮೊಬೈಲು ಸೇವೆ ಮೊದಲಾದುದು 1995ರಲ್ಲಿ. ‘ನಿಷ್ಕರ್ಷ’ದ ಬಂದಿಗಳಿಗೆ ಕಿಸೆಯಿಂದ ಹೊರಗೆ ಸುದ್ದಿ ಕಳುಹಿಸುವ ದಾರಿಯೇ ಇರಲಿಲ್ಲ, ಮುಚ್ಚಿದ ಬಾಗಿಲು ಅಂದು ನಿಜವಾಗಿಯೂ ಮುಚ್ಚಿದ್ದೇ. ಸಿಂಡಿಕೇಟ್ ಬ್ಯಾಂಕೂ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಸ್ಥಳವು ಉಳಿದು ಕಾಲವು ಜಾರಿರುವುದರಿಂದ, ಇಂದು ಆ ಚಿತ್ರದ ಭಯವು ಪ್ರೇಕ್ಷಕನ ಮೈಗೆ ತಗಲುತ್ತದೆ, ಮನೆಗೆ ತಗಲುವುದಿಲ್ಲ. ಕಿರೀಟವು ಮಾಡಬೇಕಾದುದನ್ನು ಇಲ್ಲಿ ಮೂವತ್ತು ವರ್ಷಗಳು ಮಾಡಿವೆ. ಹೊಸ ಚಿತ್ರಕ್ಕೆ ಈ ಸಹಾಯವಿಲ್ಲ; ಅದು ಹಾಡನ್ನೂ ವೇಷವನ್ನೂ ತೊರೆದರೆ ಬಹುಮಟ್ಟಿಗೆ ವರದಿಯಂತೆ ಓದಿಸಿಕೊಳ್ಳುತ್ತದೆ.