ಜೂಜೇ ಉದ್ಯೋಗವಾದಾಗ

ಕೈತುಂಬ ಸಂಬಳದ ಕೆಲಸ ಬಿಟ್ಟು ಇಸ್ಪೀಟಿನ ಪೋಕರ್ ಆಡಿಯೇ ಬದುಕುತ್ತೇನೆ ಎಂದು ಮಗ ಹೇಳಿದರೆ, ಎಷ್ಟು ಗೆದ್ದೆ ಎಂದು ಕೇಳಬೇಡಿ. ಸೋತ ರಾತ್ರಿ ಎದ್ದು ಬರಲು ಆಗುತ್ತದೆಯೇ ಎಂದು ಕೇಳಿ. ಪೋಕರ್‌ನಲ್ಲಿ ಜಾಣತನಕ್ಕೂ ಬೆಲೆಯಿದೆ, ನಿಜ. ಅಪಾಯವೂ ಅಲ್ಲೇ ಇದೆ. ಗೆದ್ದರೆ ತನ್ನ ಜಾಣತನ, ಸೋತರೆ ಅದೃಷ್ಟದ ತಪ್ಪು ಎಂದುಕೊಂಡು ಆಟಗಾರ ಮತ್ತೆ ಕೂರುತ್ತಾನೆ. ನಿದ್ದೆಗೇಡು, ಸಿಡುಕು, ಸುಳ್ಳು, ಗುಟ್ಟಿನ ಸಾಲ ಕಂಡರೆ ಎಚ್ಚರ. ವೈದ್ಯರು ಇದನ್ನು ಕುಡಿತದಂತೆಯೇ ಚಟದ ಕಾಯಿಲೆ ಎನ್ನುತ್ತಾರೆ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. 2024ರ ಮಾರ್ಚ್‌ನಲ್ಲಿ ಹೊಸದುರ್ಗದಲ್ಲಿ, ಪತಿಯ ಕ್ರಿಕೆಟ್ ಬೆಟ್ಟಿಂಗ್ ಸಾಲದ ಕಾಟಕ್ಕೆ ನೊಂದ ಗೃಹಿಣಿಯೊಬ್ಬರು ಪ್ರಾಣ ಕಳೆದುಕೊಂಡ ವರದಿ ಬಂದಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಚಟಕ್ಕೆ ಚಿಕಿತ್ಸೆಯೇ ಬೇಕು. ಸಾಲ ತೀರಿಸಿ ಸುಮ್ಮನಾಗದೆ ಮನೋವೈದ್ಯರನ್ನು ಕಾಣಿ. ಹಿರಿಯೂರು, ಹೊಳಲ್ಕೆರೆಯವರು ದುರ್ಗಕ್ಕೆ ಬರುವ ಮೊದಲೇ, ಮನೆಯಿಂದ 14416ಕ್ಕೆ ಕರೆಮಾಡಬಹುದು. ಟೆಲಿ-ಮಾನಸ್ ಸಲಹೆಗಾರರು ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ.