ಗುಂಪುಗೂಡಿ ಬೆಳಗುವ ಅಣುಗಳು

ಅರಸಿದ್ದು ಒಂದು, ದೊರೆತದ್ದು ಇನ್ನೊಂದು ಎಂಬ ಅನುಭವ ಅನೇಕರಿಗೆ ಆಗಿರುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆ ಹಟ್ಟಿಯ ಚಿನ್ನದ ಗಣಿಯಿಂದ ಹೆಸರಾದುದು. ಆ ಭಾಗದಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರರಿಗೆ 1915ರಲ್ಲಿ ಮಸ್ಕಿಯ ಬಂಡೆಯೊಂದರ ಮೇಲೆ ಕೊರೆದ ಬರಹ ಕಾಣಿಸಿತು. ಅದರಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಇತ್ತು. ಆ ಬಿರುದು ಅಶೋಕ ಚಕ್ರವರ್ತಿಯದೇ ಎಂಬುದಕ್ಕೆ ಬಲವಾದ ಸಾಕ್ಷ್ಯ ದೊರೆಯಿತು. ವಿಜ್ಞಾನದ ಚರಿತ್ರೆಯಲ್ಲಿಯೂ ಇಂಥ ಪ್ರಸಂಗಗಳಿವೆ.

ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ, ಕಾಣುವ ಬೆಳಕನ್ನು ಹೊರಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ನಮ್ಮ ನೋಟುಗಳ ಮೇಲಿನ ಸಂಖ್ಯೆಗಳು ನೇರಳಾತೀತ ದೀಪದ ಕೆಳಗೆ ಹೊಳೆಯುವುದು ಈ ಗುಣದಿಂದಲೇ. ಆದರೆ ಇಂಥ ಅನೇಕ ಬಣ್ಣಗಳಿಗೆ ಒಂದು ಕೊರತೆಯುಂಟು. ತೆಳುವಾದ ದ್ರಾವಣದಲ್ಲಿ ಚೆನ್ನಾಗಿ ಬೆಳಗುವ ಅವುಗಳ ಚಪ್ಪಟೆ ಅಣುಗಳು ಒತ್ತಾಗಿ ಒಂದರ ಮೇಲೊಂದು ಕೂಡಿದರೆ ಮಂಕಾಗುತ್ತವೆ. ಗುಂಪುಗೂಡಿದರೆ ಬೆಳಕು ನಂದುತ್ತದೆಂಬುದೇ ಬಹುಕಾಲದ ತಿಳಿವಳಿಕೆಯಾಗಿತ್ತು.

2001ರಲ್ಲಿ ಹಾಂಗ್‌ಕಾಂಗಿನಲ್ಲಿ ರಸಾಯನಶಾಸ್ತ್ರಜ್ಞ ಬೆನ್ ಝಾಂಗ್ ಟ್ಯಾಂಗ್ ಅವರ ಪ್ರಯೋಗಾಲಯದಲ್ಲಿ ಇದಕ್ಕೆ ವಿರುದ್ಧವಾದುದು ಕಂಡಿತು. ಸಿಲೋಲ್ ಎಂಬ ಸಂಯುಕ್ತದ ದ್ರಾವಣದ ಚುಕ್ಕೆ ಒದ್ದೆಯಾಗಿದ್ದಾಗ ಬೆಳಗಲಿಲ್ಲ. ಒಣಗಿದ ಮೇಲೆ ಪ್ರಕಾಶಿಸಿತು! ಇದನ್ನು ವಿದ್ಯಾರ್ಥಿಯ ಕೈತಪ್ಪೆಂದು ತಳ್ಳಿಹಾಕಬಹುದಿತ್ತು. ಅವರು ಹಾಗೆ ಮಾಡದೆ ಕಾರಣವನ್ನು ಅರಸಿದರು. ದ್ರಾವಣಕ್ಕೆ ನೀರು ಬೆರೆಸಿದಾಗ, ನೀರಿನಲ್ಲಿ ಕರಗದ ಆ ಅಣುಗಳು ಒಟ್ಟುಗೂಡಿದವು, ಬೆಳಕೂ ಹೆಚ್ಚಿತು. ಈ ಗುಣವನ್ನು ‘ಸಮೂಹಪ್ರೇರಿತ ದೀಪ್ತಿ’ ಎನ್ನಬಹುದು.

ಇದರ ರಹಸ್ಯವೇನು? ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಸಿಂಧನೂರಿನ ಭತ್ತದ ಗದ್ದೆಯನ್ನು ನೆನೆಯಿರಿ. ಒಂಟಿ ತೆನೆ ಸಣ್ಣ ಗಾಳಿಗೂ ತೂಗಾಡುತ್ತದೆ. ಕೊಯ್ದು ಕಟ್ಟಿದ ಹೊರೆಯಲ್ಲಿ ಅದೇ ತೆನೆ ಅಲುಗುವುದಿಲ್ಲ. ಸಿಲೋಲ್ ಅಣುವಿನ ಸುತ್ತ ಬೀಸಣಿಗೆಯ ಅಲಗುಗಳಂತೆ ಉಂಗುರಗಳಿವೆ. ಬಿಡಿಯಾಗಿದ್ದಾಗ ಅವು ತಿರುಗುತ್ತ, ಹೀರಿದ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಒತ್ತಾಗಿ ಸೇರಿದಾಗ ತಿರುಗಲು ಎಡೆಯಿಲ್ಲದೆ, ಆ ಶಕ್ತಿ ಬೆಳಕಾಗಿ ಹೊರಬರುತ್ತದೆ. ತಿರುಚಿದ ಆಕಾರದಿಂದಾಗಿ ಅವು ಚಪ್ಪಟೆ ಅಣುಗಳಂತೆ ಒಂದರ ಮೇಲೊಂದು ಅಂಟಿ ಕೂರಲಾರವು, ಆದುದರಿಂದ ಮಂಕಾಗುವುದಿಲ್ಲ.

ಸುತ್ತಲಿನ ಸ್ಥಿತಿ ಬದಲಾದಂತೆ ಬೆಳಕನ್ನೂ ಬದಲಿಸುವುದರಿಂದ ಇವುಗಳನ್ನು ಜಾಣ ವಸ್ತುಗಳೆನ್ನುತ್ತಾರೆ. ಕಣ್ಣಿಗೆ ಕಾಣದ ಬೆರಳಚ್ಚಿನ ಗೆರೆಗಳನ್ನು ತೋರಿಸಲು, ರೋಗಾಣುಗಳನ್ನು ಗುರುತಿಸಲು, ಜೀವಕೋಶಗಳ ಚಲನೆಯನ್ನು ಗಮನಿಸಲು ಇವುಗಳನ್ನು ಬಳಸುವ ಸಂಶೋಧನೆಗಳು ನಡೆದಿವೆ.

ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿಯೂ ಪುಸ್ತಕದ ಮಾತಿಗೆ ಹೊಂದದ ಫಲ ಒಮ್ಮೊಮ್ಮೆ ಬರುವುದುಂಟು. ಅದು ನಿಮ್ಮ ತಪ್ಪೇ ಆಗಿರಬಹುದು. ಆದರೂ ಅದನ್ನು ಅಳಿಸಿ, ಪುಸ್ತಕದ ಉತ್ತರವನ್ನು ಬರೆಯಬೇಡಿರಿ. ಕಂಡದ್ದನ್ನು ಕಂಡಂತೆ ಬರೆದು, ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಿರಿ.