ಫಾರ್ಮ್ಯಾಟ್ ಹೊಡೆಯುವ ಮೊದಲು

ಕಳೆದ ತಿಂಗಳು ಒಂದು ಬೆಳಿಗ್ಗೆ, ಮೊದಲ ಬೆಲ್ ಆಗುವ ಮುಂಚೆಯೇ ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. "ಸರ್, ರಾತ್ರಿ ಅಪ್‌ಡೇಟ್ ನಡೆದಾಗ ಕರೆಂಟ್ ಹೋತ್ರಿ. ಈಗ ಸಿಸ್ಟಮ್ ಚಾಲೂನ ಆಗವಲ್ದು. ಅಂಗಡ್ಯಾಗ ಕೇಳಿದ್ರ ಫಾರ್ಮ್ಯಾಟ್ ಹೊಡೀಬೇಕು ಅಂತಾರ್ರಿ" ಎಂದ. ಆ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಅವನ ಪ್ರಾಜೆಕ್ಟ್ ಇತ್ತು, ಅಕ್ಕನ ಸ್ಕಾಲರ್‌ಶಿಪ್ ಅರ್ಜಿಗೆಂದು ಸ್ಕ್ಯಾನ್ ಮಾಡಿಟ್ಟ ಕಾಗದಪತ್ರಗಳಿದ್ದವು, ತೀರಿಕೊಂಡ ಅಜ್ಜನ ಫೋಟೊಗಳಿದ್ದವು. ಯಾವುದಕ್ಕೂ ಇನ್ನೊಂದು ಪ್ರತಿ ಇರಲಿಲ್ಲ.

ಸಂಜೆಯ ಹೊತ್ತಿಗೆ ಆ ಕಂಪ್ಯೂಟರ್ ಮತ್ತೆ ಶುರುವಾಯಿತು. ಒಂದು ಫೈಲೂ ಹೋಗಲಿಲ್ಲ. ನಾವು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಅದು ನಿಮಗೂ ಗೊತ್ತಿರಲಿ ಎಂದು ಈ ಲೇಖನ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳು ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹೊಸದನ್ನು ಕೊಳ್ಳುವುದು ಎಲ್ಲ ಮನೆಗಳಿಗೂ ಸಾಧ್ಯವಿಲ್ಲ. ಅಂಥ ಯಂತ್ರಕ್ಕೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ವ್ಯವಸ್ಥೆಗಳು ಇನ್ನಷ್ಟು ವರ್ಷಗಳ ಆಯುಷ್ಯ ಕೊಡುತ್ತವೆ, ಅದೂ ದುಡ್ಡಿಲ್ಲದೆ. 1991ರಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಆಗ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೇ. ಆದರೆ ಲಿನಕ್ಸ್ ಕೆಟ್ಟಾಗ ಏನು ಮಾಡಬೇಕೆಂದು ತಿಳಿಯದೆ, ಇರುವುದನ್ನೆಲ್ಲ ಅಳಿಸಿಬಿಡುವವರು ನಮ್ಮಲ್ಲಿ ಬಹಳ.

ತೂಬಿನಿಂದ ತೂಬಿಗೆ

ನಮ್ಮ ಭಾಗದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರಲಿಲ್ಲ ಎಂದರೆ ಯಾರೂ ಕಾಲುವೆಯನ್ನೇ ಮುಚ್ಚಿ ಹೊಸದು ತೋಡುವುದಿಲ್ಲ. ಮೇಲಿನಿಂದ ನಡೆದುಕೊಂಡು ಬರುತ್ತಾರೆ. ಈ ತೂಬಿನವರೆಗೆ ನೀರಿದೆಯೇ? ಇದೆ. ಮುಂದಿನದಕ್ಕೆ? ಇಲ್ಲ. ಹಾಗಾದರೆ ತೊಂದರೆ ಈ ಎರಡರ ನಡುವೆ ಇದೆ.

ಕಂಪ್ಯೂಟರ್ ದುರಸ್ತಿಯೂ ಹೀಗೆಯೇ. ತೆರೆಯ ಮೇಲೆ ಬಂದ ಸಂದೇಶವನ್ನು ಮೊದಲು ಓದಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ತೊಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬೇರ್ಪಡಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಇನ್ನಷ್ಟು ಕೆಟ್ಟಿತು ಎಂದು ತಿಳಿಯುವುದೇ ಇಲ್ಲ.

ಅಪ್‌ಡೇಟ್ ಅರ್ಧಕ್ಕೆ ನಿಂತರೆ

ಉಬುಂಟುವಿನಲ್ಲಿ ಅಪ್‌ಡೇಟ್ ಎಂದರೆ ಎರಡು ಕೆಲಸ. ಪ್ಯಾಕೇಜುಗಳನ್ನು ಇಳಿಸಿಕೊಳ್ಳುವುದು ಒಂದು, ಅವನ್ನು ಬಿಚ್ಚಿ ಜೋಡಿಸುವುದು ಇನ್ನೊಂದು. ಎರಡನೆಯ ಕೆಲಸ ಮಾಡುವುದು ‘ಡಿಪಿಕೆಜಿ’ ಎಂಬ ತಂತ್ರಾಂಶ. ಯಾವ ಪ್ಯಾಕೇಜು ಬಿಚ್ಚಿದೆ, ಯಾವುದು ಪೂರ್ತಿ ಜೋಡಣೆಯಾಗಿದೆ ಎಂಬ ಲೆಕ್ಕವನ್ನು ಅದು ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೂ ಸಾಮಾನ್ಯವಾಗಿ ಆ ಲೆಕ್ಕ ಉಳಿದಿರುತ್ತದೆ. ಆದ್ದರಿಂದ ನಿಂತಲ್ಲಿಂದ ಮುಂದುವರಿಸಬಹುದು.

ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿ ಹೊಸ ಕರ್ನಲ್‌ನ ಜೋಡಣೆ ಅರ್ಧಕ್ಕೆ ನಿಂತಿತ್ತು. ಕರ್ನಲ್ ಎಂದರೆ ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲಭಾಗ. ಹೊಸದು ಬಂದ ಕೂಡಲೇ ಉಬುಂಟು ಹಳೆಯದನ್ನು ತೆಗೆದುಹಾಕುವುದಿಲ್ಲ. ಯಂತ್ರ ಶುರುವಾಗುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ, ಯುಇಎಫ್‌ಐ ಇರುವ ಯಂತ್ರದಲ್ಲಿ ಎಸ್ಕೇಪ್ ಕೀ ಒತ್ತಿದರೆ ಒಂದು ಪಟ್ಟಿ ಕಾಣುತ್ತದೆ. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ತೆರೆದು ಹಿಂದಿನ ಕರ್ನಲ್ ಆರಿಸಿದೆವು. ಯಂತ್ರ ತೆರೆದುಕೊಂಡಿತು. ಆಮೇಲೆ ಟರ್ಮಿನಲ್‌ನಲ್ಲಿ ಈ ಎರಡು ಆಜ್ಞೆಗಳನ್ನು ಕೊಟ್ಟೆವು:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಇಲ್ಲಿ ಕೊಟ್ಟಿರುವುದು ಉಚ್ಚಾರಣೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಬೇಕು. ಮೊದಲನೆಯದು ಅರ್ಧಕ್ಕೆ ನಿಂತ ಜೋಡಣೆಯನ್ನು ಮುಗಿಸುತ್ತದೆ. ಎರಡನೆಯದು ಕೊರತೆ ಬಿದ್ದ ಪ್ಯಾಕೇಜುಗಳನ್ನು ತರಿಸುತ್ತದೆ.

ಇನ್ನೆರಡು ಸಾಮಾನ್ಯ ಸಂದರ್ಭಗಳಿವೆ. ‘ಲಾಕ್ ಸಿಗಲಿಲ್ಲ’ ಎಂಬರ್ಥದ ಸಂದೇಶ ಬಂದರೆ, ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ ಎಂದು ತಿಳಿಯಿರಿ. ಅದು ಮುಗಿಯುವವರೆಗೆ ಕಾಯಿರಿ, ಲಾಕ್ ಫೈಲನ್ನು ಅಳಿಸಬೇಡಿ. ‘ಜಾಗವಿಲ್ಲ’ ಎಂದು ಬಂದರೆ ‘ಡಿಎಫ್ -ಎಚ್’ ಎಂಬ ಆಜ್ಞೆ ಯಾವ ಭಾಗ ತುಂಬಿದೆ ಎಂದು ತೋರಿಸುತ್ತದೆ. ಹಳೆಯ ಕರ್ನಲ್‌ಗಳೇ ಜಾಗ ತಿಂದಿದ್ದರೆ ‘ಸುಡೋ ಆಪ್ಟ್ ಆಟೋರಿಮೂವ್’ ಅನಗತ್ಯವಾದವನ್ನು ತೆಗೆಯುತ್ತದೆ.

ಯಂತ್ರಾಂಶವೋ, ತಂತ್ರಾಂಶವೋ?

ಇದನ್ನು ತಿಳಿಯಲು ಒಂದು ಪೆನ್‌ಡ್ರೈವ್ ಸಾಕು. 16 ಜಿಬಿಯ ಪೆನ್‌ಡ್ರೈವ್‌ಗೆ ಉಬುಂಟು ತುಂಬಿಸಿಕೊಂಡು ಅದರಿಂದಲೇ ಯಂತ್ರವನ್ನು ಶುರುಮಾಡಿ, ‘ಟ್ರೈ ಉಬುಂಟು’ ಆರಿಸಿ. ಇದು ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಏನನ್ನೂ ಬದಲಿಸುವುದಿಲ್ಲ. ಪೆನ್‌ಡ್ರೈವ್‌ನಿಂದ ಎಲ್ಲವೂ ಸರಿಯಾಗಿ ನಡೆದರೆ ತೊಂದರೆ ಹೆಚ್ಚಾಗಿ ಒಳಗಿನ ತಂತ್ರಾಂಶದಲ್ಲಿದೆ, ಇಲ್ಲವೇ ಹಾರ್ಡ್‌ಡಿಸ್ಕ್‌ನಲ್ಲಿದೆ. ಇಲ್ಲಿಯೂ ಅದೇ ತೊಂದರೆ ಕಂಡರೆ ಯಂತ್ರಾಂಶವನ್ನು ನೋಡಬೇಕು. ಕಂಪ್ಯೂಟರ್ ತೆರೆದುಕೊಳ್ಳದೇ ಇದ್ದರೂ ನಿಮ್ಮ ಫೈಲುಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಲು ಇದೇ ದಾರಿ.

‘ಡಿಸ್ಕ್ಸ್’ ಎಂಬ ಆ್ಯಪ್‌ನಲ್ಲಿ ಹಾರ್ಡ್‌ಡಿಸ್ಕ್‌ನ ‘ಸ್ಮಾರ್ಟ್’ ಮಾಹಿತಿ ಸಿಗುತ್ತದೆ. ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ದುರಸ್ತಿ ಆಮೇಲಿರಲಿ, ಮೊದಲು ನಕಲು ತೆಗೆದುಕೊಳ್ಳಿ. ಪ್ರತಿ ಸಲ ಯಂತ್ರ ಹಚ್ಚಿದಾಗ ಗಡಿಯಾರ ಹಿಂದಕ್ಕೆ ಹೋಗಿರುತ್ತದೆಯೇ? ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಮುಗಿದಿರಬಹುದು. ನೆಟ್ ಸಿಕ್ಕಾಗ ಲಿನಕ್ಸ್ ಸಾಮಾನ್ಯವಾಗಿ ಸಮಯವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ತಾರೀಖು ತಪ್ಪಿದ್ದರೆ ವೆಬ್‌ಸೈಟುಗಳು ‘ಸುರಕ್ಷಿತವಲ್ಲ’ ಎನ್ನುತ್ತವೆ, ಅಪ್‌ಡೇಟ್ ಕೂಡ ನಿಲ್ಲಬಹುದು. ಒಂದು ಸಣ್ಣ ಸೆಲ್ಲಿಗಾಗಿ ಇಡೀ ವ್ಯವಸ್ಥೆಯನ್ನು ಅಳಿಸಿದವರೂ ಇದ್ದಾರೆ.

ವೈಫೈ ಕಾಣದಿದ್ದರೆ ‘ಎಲ್‌ಎಸ್‌ಪಿಸಿಐ’ ಆಜ್ಞೆ ಕೊಡಿ, ಯುಎಸ್‌ಬಿ ವೈಫೈ ಆದರೆ ‘ಎಲ್‌ಎಸ್‌ಯುಎಸ್‌ಬಿ’. ಪಟ್ಟಿಯಲ್ಲಿ ಹೆಸರಿದ್ದರೆ ಕಾರ್ಡ್ ಯಂತ್ರಕ್ಕೆ ಕಾಣುತ್ತಿದೆ, ಕೊರತೆ ಇರುವುದು ಡ್ರೈವರ್‌ನದು. ಡ್ರೈವರ್ ತರಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು ಎಂದು ಕೈಚೆಲ್ಲಬೇಡಿ. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಹಚ್ಚಿ, ಆಮೇಲೆ ‘ಅಡಿಷನಲ್ ಡ್ರೈವರ್ಸ್’ ತೆರೆದು ನೋಡಿ.

ವಿಡಿಯೊ ನಿಂತು ನಿಂತು ಬಂದರೆ

ಪಾಠದ ವಿಡಿಯೊ ತಡವರಿಸಿದರೆ ಎಲ್ಲರೂ ನೆಟ್ಟನ್ನೇ ಬೈಯುತ್ತೇವೆ. ಬೈಯುವ ಮೊದಲು ಯೂಟ್ಯೂಬ್ ವಿಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಿ. ‘ಬಫರ್ ಹೆಲ್ತ್’ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತಿದ್ದರೆ ನೆಟ್ ನಿಧಾನ. ಬಫರ್ ತುಂಬಿದ್ದು ‘ಡ್ರಾಪ್ಡ್ ಫ್ರೇಮ್ಸ್’ ಏರುತ್ತಲೇ ಇದ್ದರೆ ನೆಟ್ ಸರಿಯಿದೆ, ಯಂತ್ರಕ್ಕೆ ಭಾರವಾಗಿದೆ. ವಿಪಿ9, ಎವಿ1ನಂಥ ಹೊಸ ವಿಡಿಯೊ ವಿಧಾನಗಳನ್ನು ಬಿಡಿಸುವ ಶಕ್ತಿ ಹಳೆಯ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಇರುವುದಿಲ್ಲ. ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಗುಣಮಟ್ಟವನ್ನು 480ಕ್ಕೆ ಇಳಿಸಿ, ಬೇಡದ ಟ್ಯಾಬ್‌ಗಳನ್ನು ಮುಚ್ಚಿ. ಬೋರ್ಡಿನ ಮೇಲಿನ ಅಕ್ಷರ ಆಗಲೂ ಓದಲು ಬರುತ್ತದೆ.

ಚಿತ್ರವಿದ್ದು ದನಿ ಇಲ್ಲದಿದ್ದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಔಟ್‌ಪುಟ್’ ನೋಡಿ. ಎಷ್ಟೋ ಸಲ ದನಿ ಸ್ಪೀಕರ್‌ಗೆ ಹೋಗುವ ಬದಲು ಎಚ್‌ಡಿಎಂಐ ಮೂಲಕ ಮಾನಿಟರಿಗೆ ಹೋಗುತ್ತಿರುತ್ತದೆ. ಹಣ ಕೊಟ್ಟು ನೋಡುವ ಸೇವೆಗಳು ಫೈರ್‌ಫಾಕ್ಸ್‌ನಲ್ಲಿ ತೆರೆಯದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂಗೆ ಅನುಮತಿ ಇದೆಯೇ ನೋಡಿ. ಪೆನ್‌ಡ್ರೈವ್‌ನಲ್ಲಿ ತಂದ ವಿಡಿಯೊ ತೆರೆಯದಿದ್ದರೆ ‘ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಎಂಬ ಪ್ಯಾಕೇಜು ಹಾಕಿಕೊಳ್ಳಿ. ಪೇಟೆಂಟ್, ಲೈಸೆನ್ಸ್‌ಗಳ ಕಾರಣಕ್ಕೆ ಅದನ್ನು ಪ್ರತ್ಯೇಕವಾಗಿ ಇಟ್ಟಿದ್ದಾರೆ.

ನಮ್ಮಿಂದಲೂ ಆಗುತ್ತದೆ

ಇದೆಲ್ಲ ಇಂಗ್ಲಿಷ್ ಬಲ್ಲವರಿಗೆ, ದೊಡ್ಡ ಊರಿನವರಿಗೆ ಎಂದುಕೊಳ್ಳಬೇಡಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಠ್ಯವನ್ನು ಕನ್ನಡದಲ್ಲೇ ಓದುತ್ತಾರೆ, ಉಬುಂಟು ಆಧಾರಿತ ಕಂಪ್ಯೂಟರ್‌ಗಳಲ್ಲೇ ಕಲಿಯುತ್ತಾರೆ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. 2018ರಿಂದ ಅಲ್ಲಿನ ಪ್ರೌಢಶಾಲೆಗಳಲ್ಲಿ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕ್ಲಬ್‌ಗಳಿವೆ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ.

ಕೊನೆಗೆ ಎರಡು ಮಾತು. ದೊಡ್ಡ ಅಪ್‌ಡೇಟ್‌ಗೆ ಕೈಹಾಕುವ ಮೊದಲು ಯುಪಿಎಸ್ ಇದೆಯೇ ನೋಡಿ, ಇಲ್ಲದಿದ್ದರೆ ಗುಡುಗು ಮಳೆಯ ಸಂಜೆಗಳಲ್ಲಿ ಅಪ್‌ಡೇಟ್ ಬೇಡ. ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ದುರಸ್ತಿ ಮಾಡಲಾಗದ ದಿನವೂ ಒಂದಿಲ್ಲೊಂದು ಸಲ ಬರುತ್ತದೆ, ಆ ದಿನ ಕಾಯುವುದು ಆ ಪ್ರತಿಯೊಂದೇ.

ಲ್ಯಾಬಿನ ಬಾಗಿಲ ಬಳಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಸಂದೇಶ ಬಂತು, ಏನು ಮಾಡಿದಿರಿ, ಏನಾಯಿತು ಎಂದು ಮೂರು ಸಾಲು ಬರೆಯಿರಿ, ಸರಿಯಾಗದಿದ್ದರೂ ಬರೆಯಿರಿ. ಮೊದಲ ಪುಟ ಆ ವಿದ್ಯಾರ್ಥಿಯದೇ. ಅವನ ಅಕ್ಕನ ಅರ್ಜಿ ಮರುದಿನವೇ ಹೋಯಿತು.